ಹುಣಿಯ (ಗದ್ದೆಯ ಬದುವಿನ) ಮೇಲೆ ನಿಂತು ಬೆಳೆ ನೋಡಬೇಡಿ, ಒಳಗೆ ಇಳಿಯಿರಿ

ಆಟಿ ತಿಂಗಳು. ಉಡುಪಿಯಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ನಾಟಿ ಮುಗಿಸಿದವರಿಗೆ ಈಗ ಸ್ವಲ್ಪ ಪುರುಸೊತ್ತು. ಅದಕ್ಕೇ ಇರಬೇಕು, ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಅದರಲ್ಲೂ ಅರ್ಧಕ್ಕರ್ಧ ಮೆಕ್ಕೆಜೋಳ ಮತ್ತು ಸೋಯಾಬೀನ್ ಬಗ್ಗೆ! ಕರಾವಳಿಯಲ್ಲಿ ಇವೆರಡನ್ನೂ ಕಾಳಿಗಾಗಿ ಬೆಳೆಯುವವರು ಇಲ್ಲವೆಂದೇ ಹೇಳಬೇಕು. ಆದರೆ ಪತ್ರ ಓದುತ್ತಾ ಹೋದಂತೆ ಅರ್ಥವಾಯಿತು. ಒಬ್ಬರ ಮಗ ಅಮೆರಿಕದಲ್ಲಿದ್ದಾನೆ, ಇನ್ನೊಬ್ಬರ ಅಣ್ಣ ಹಾವೇರಿಯಲ್ಲಿ ಹೊಲ ನೋಡಿಕೊಳ್ಳುತ್ತಾನೆ, ಮತ್ತೊಬ್ಬರ ಹಟ್ಟಿಯಲ್ಲಿ ಹಸುಗಳಿವೆ. ನಾನು ಕೆಲಸದಲ್ಲಿದ್ದಾಗ ಎಂಟು ವರ್ಷ ದಾವಣಗೆರೆ ಕಡೆ ಜೋಳದ ಹೊಲ ಸುತ್ತಿದವನು. ಹಾಗಾಗಿ ಈ ಪತ್ರಗಳಿಗೆ ಖುಷಿಯಿಂದಲೇ ಉತ್ತರ ಬರೆಯುತ್ತಿದ್ದೇನೆ. ಇಲ್ಲಿ ಬರೀ ಜೋಳ, ಗೋವಿನಜೋಳ ಎಂದದ್ದೆಲ್ಲ ಮೆಕ್ಕೆಜೋಳವೇ.

ಪ್ರಶ್ನೆ: ನನ್ನ ಮಗ ಅಮೆರಿಕದ ಅಯೋವಾದಲ್ಲಿದ್ದಾನೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ರಸ್ತೆಯ ಎರಡೂ ಬದಿ ಜೋಳ ತೋರಿಸಿದ. ಅವನ ತಲೆಗಿಂತ ಎತ್ತರ ಇತ್ತು. ಅಲ್ಲಿ ಪ್ರತಿ ಸೋಮವಾರ ಸರ್ಕಾರವೇ ‘ಜೋಳ ಶೇಕಡಾ ಇಷ್ಟು ಚೆನ್ನಾಗಿದೆ, ಸೋಯಾಬೀನ್ ಇಷ್ಟು ಚೆನ್ನಾಗಿದೆ’ ಎಂದು ಹೇಳುತ್ತದಂತೆ. ಅಷ್ಟು ದೊಡ್ಡ ದೇಶದ ಬೆಳೆಯನ್ನು ವಾರಕ್ಕೊಮ್ಮೆ ನೋಡುವವರು ಯಾರು? ಆ ಲೆಕ್ಕ ನಂಬಬಹುದಾ?
— ಒಬ್ಬ ತಾಯಿ, ಕಟಪಾಡಿ

ಉತ್ತರ: ಅಮ್ಮಾ, ನಿಮ್ಮ ಮಗ ಹೇಳಿದ್ದು ನಿಜ. ಅಲ್ಲಿನ ಕೃಷಿ ಇಲಾಖೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಪ್ರತಿ ಸೋಮವಾರ ಸಂಜೆ 4 ಗಂಟೆಗೆ ಬೆಳೆಯ ವರದಿ ಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ಲೆಕ್ಕಕ್ಕೆ ಅದು ಸೋಮವಾರ ರಾತ್ರಿ ಕಳೆದು ಒಂದೂವರೆ ಗಂಟೆ. ಜಿಲ್ಲೆ ಜಿಲ್ಲೆಯಲ್ಲಿ ರೈತರ ಜೊತೆ ದಿನವೂ ಓಡಾಡುವ ಜನ ಇರುತ್ತಾರೆ. ಅವರು ತಮ್ಮ ಕಡೆಯ ಬೆಳೆ ಹೇಗಿದೆ ಎಂದು ಬರೆದು ಕಳಿಸುತ್ತಾರೆ. ದರ್ಜೆ ಐದು: ತೀರಾ ಕಳಪೆ, ಕಳಪೆ, ಸಾಧಾರಣ, ಚೆನ್ನ, ಬಹಳ ಚೆನ್ನ. ಟಿವಿಯಲ್ಲಿ ಹೇಳುವ ಶೇಕಡಾ ಲೆಕ್ಕ ಸಾಮಾನ್ಯವಾಗಿ ಕೊನೆಯ ಎರಡನ್ನು ಕೂಡಿಸಿದ್ದು.

ನಂಬಬಹುದಾ ಎಂದು ಕೇಳಿದ್ದೀರಿ. ನಂಬಬಹುದು, ಆದರೆ ಅದು ಕಣ್ಣಂದಾಜು ಎಂದು ನೆನಪಿಟ್ಟುಕೊಂಡು ನಂಬಬೇಕು. ಅದು ತೂಕ ಹಾಕಿ ಹೇಳಿದ್ದಲ್ಲ. ಈ ವಾರಕ್ಕೂ ಕಳೆದ ವಾರಕ್ಕೂ ಏನು ವ್ಯತ್ಯಾಸ ಎನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ. ಕೊನೆಗೆ ಎಷ್ಟು ಮೂಟೆ ಬರುತ್ತದೆ ಎನ್ನುವುದನ್ನು ಹೇಳುವುದಿಲ್ಲ. 2012ನೇ ಇಸವಿಯನ್ನೇ ನೋಡಿ. ಬಿತ್ತನೆ ಬೇಗ ಆಗಿತ್ತು, ಬೆಳೆ ಚಂದ ಎದ್ದಿತ್ತು. ಎಕರೆಗೆ 166 ಬುಷೆಲ್ ಬರುತ್ತದೆ ಎಂಬ ಅಂದಾಜಿತ್ತು. ಜೋಳದ ಬುಷೆಲ್ ಎಂದರೆ ಸುಮಾರು 25 ಕಿಲೋ, ಅಂದರೆ ಎಕರೆಗೆ 42 ಕ್ವಿಂಟಾಲ್. ಆಮೇಲೆ ಜೂನ್, ಜುಲೈಯಲ್ಲಿ ಮಳೆ ಕೈಕೊಟ್ಟಿತು, ಬಿಸಿಲು ಸುಟ್ಟಿತು. ಕೊನೆಗೆ ಬಂದದ್ದು 123 ಬುಷೆಲ್, ಸುಮಾರು 31 ಕ್ವಿಂಟಾಲ್.

ಯಾಕೆ ಹಾಗಾಯಿತು ಎನ್ನುವುದು ತಿಳಿದರೆ ಮಗನ ವಿಡಿಯೋವನ್ನು ನೀವು ಬೇರೆ ಕಣ್ಣಲ್ಲಿ ನೋಡುತ್ತೀರಿ. ಜೋಳದ ತೆನೆಯ ತುದಿಯಲ್ಲಿ ಕೂದಲು ಇರುತ್ತದಲ್ಲ, ಅದರ ಒಂದೊಂದು ಎಳೆಯೂ ಒಳಗೆ ಒಂದೊಂದು ಕಾಳಿಗೆ ಸೇರಿದ್ದು. ಗಿಡದ ತಲೆಯ ಮೇಲಿನ ಸೂಲಂಗಿಯಿಂದ ಪರಾಗ ಉದುರಿ ಆ ಎಳೆಗೆ ತಾಗಿದರೆ ಮಾತ್ರ ಕಾಳು ಕಟ್ಟುತ್ತದೆ. ನೀರಿಲ್ಲದೆ ಗಿಡ ಬಾಡಿದರೆ ಕೂದಲು ಹೊರಗೆ ಬರುವುದು ತಡವಾಗುತ್ತದೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ, ಗಿಡ ನೋಡಲು ಹಸಿರಾಗಿಯೇ ಇರುತ್ತದೆ, ಸಿಪ್ಪೆ ಬಿಚ್ಚಿದರೆ ಮಾತ್ರ ತೆನೆಯಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ಕಾಳು. ಅಯೋವಾದಲ್ಲಿ ಈ ಹೊತ್ತು ಬರುವುದು ಜುಲೈ ಮಧ್ಯದಿಂದ ತಿಂಗಳ ಕೊನೆಯೊಳಗೆ. ಇಡೀ ವರ್ಷದ ಫಸಲು ಆ ಕೆಲವು ವಾರದ ಮೇಲೆ ನಿಂತಿದೆ ಎಂದರೆ ತಪ್ಪಲ್ಲ. ಸೋಯಾಬೀನ್ ಹಾಗಲ್ಲ. ಅದು ವಾರಗಟ್ಟಲೆ ಹೂ ಬಿಡುತ್ತಲೇ ಇರುತ್ತದೆ. ಜುಲೈಯಲ್ಲಿ ಸ್ವಲ್ಪ ಒಣಗಿದರೂ ಆಗಸ್ಟ್‌ನಲ್ಲಿ ಒಳ್ಳೆಯ ಮಳೆ ಬಂದರೆ ಕಾಯಿ ತುಂಬಿಕೊಳ್ಳುತ್ತದೆ.

ಅಲ್ಲಿನ ಹಳೆ ಮಾತೊಂದಿದೆ, ಜುಲೈ 4ಕ್ಕೆ ಜೋಳ ಮೊಣಕಾಲೆತ್ತರ ಇರಬೇಕು ಅಂತ. ಈಗಿನ ತಳಿ ಆ ಹೊತ್ತಿಗೆ ಎಷ್ಟೋ ಕಡೆ ಆಳೆತ್ತರ ಆಗಿರುತ್ತದೆ. ಎತ್ತರ ನೋಡಿ ಲೆಕ್ಕ ಹಾಕುವ ಕಾಲ ಹೋಯಿತು. ಮುಂದಿನ ಸಲ ಮಗ ಫೋನ್ ಮಾಡಿದಾಗ ಪರಿಚಯದ ರೈತರಿದ್ದರೆ ಅವರನ್ನು ಕೇಳಿ ಒಂದು ತೆನೆಯ ಸಿಪ್ಪೆ ಬಿಚ್ಚಿ ತೋರಿಸು ಎನ್ನಿ. ರಸ್ತೆಯಲ್ಲಿ ಅರ್ಧ ಗಂಟೆ ಓಡಾಡಿ ಕಾಣುವುದಕ್ಕಿಂತ ಜಾಸ್ತಿ ಆ ಒಂದು ತೆನೆಯಲ್ಲಿ ಕಾಣುತ್ತದೆ.

ಪ್ರಶ್ನೆ: ನಾನು ಮಂಗಳೂರಿನ ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ. ಊರು ಹಾವೇರಿ ಕಡೆ. ಮೂರು ಎಕರೆ ಗೋವಿನಜೋಳ ಹಾಕಿದ್ದೇವೆ, ಜೂನ್ ಮೊದಲ ವಾರದ ಬಿತ್ತನೆ. ಅಣ್ಣ ಫೋನಿನಲ್ಲಿ ‘ಬೆಳೆ ಚಲೋ ಐತಿ’ ಎನ್ನುತ್ತಾನೆ. ಆದರೆ ಕಳಿಸಿದ ಫೋಟೋದಲ್ಲಿ ಕೆಳಗಿನ ಎಲೆ ಹಳದಿ ಕಾಣುತ್ತಿದೆ. ಪಂಚಮಿಗೆ ಎರಡು ದಿನ ರಜೆ ಹಾಕಿ ಹೋಗುತ್ತೇನೆ. ಹೊಲದಲ್ಲಿ ಏನೇನು ನೋಡಬೇಕು?
— ಒಬ್ಬ ಓದುಗ, ಹಂಪನಕಟ್ಟೆ

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ಹಬ್ಬಕ್ಕೆ ಹೋದವನು ಹೊಲ ನೋಡಬೇಕು ಎನ್ನುತ್ತೀಯಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬೆಳಿಗ್ಗೆ ಹೋಗು. ಬದುವಿನ ಪಕ್ಕದ ನಾಲ್ಕು ಸಾಲು ಬಿಟ್ಟುಬಿಡು. ಅಲ್ಲಿ ಬಿಸಿಲು ಗಾಳಿ ಬೇರೆ, ಎತ್ತು ಟ್ರ್ಯಾಕ್ಟರ್ ತಿರುಗಿ ಮಣ್ಣು ಬೇರೆ. ಅದನ್ನು ನೋಡಿ ಮೂರು ಎಕರೆಗೆ ತೀರ್ಪು ಕೊಡಬಾರದು. ಒಂದು ಮೂಲೆಯಿಂದ ಒಳಗೆ ಹೋಗಿ ಅಡ್ಡಡ್ಡ ಓರೆಯಾಗಿ ನಡೆದು ಇನ್ನೊಂದು ಮೂಲೆಗೆ ಬಾ. ದಾರಿಯಲ್ಲಿ ಐದು ಕಡೆ ನಿಲ್ಲು. ಎಲ್ಲಿ ನಿಲ್ಲಬೇಕು ಎಂದು ಮೊದಲೇ ಹೆಜ್ಜೆ ಎಣಿಸಿ ಗೊತ್ತು ಮಾಡಿಕೋ. ಇಲ್ಲದಿದ್ದರೆ ಚೆನ್ನಾಗಿ ಕಂಡ ಕಡೆ ಕಾಲು ತಾನಾಗಿ ನಿಲ್ಲುತ್ತದೆ. ಇದು ನನಗೆ ಎಷ್ಟೋ ವರ್ಷ ಹೊಲ ತಿರುಗಿದ ಮೇಲೆ ಅರ್ಥವಾದ ವಿಷಯ.

ಈಗ ಹಳದಿ ಎಲೆಯ ವಿಷಯ. ಹಳದಿ ಎಲ್ಲಿಂದ ಶುರುವಾಗಿದೆ ಎನ್ನುವುದು ಮುಖ್ಯ. ಎಲೆಯ ತುದಿಯಲ್ಲಿ ಹುಟ್ಟಿ ನಡು ನರದ ಗುಂಟ ಒಳಗೆ ಇಳಿದಿದ್ದರೆ, ನೋಡಲು ಬಾಣದ ಮೊನೆಯ ಹಾಗೆ ಇದ್ದರೆ, ಅದು ಸಾರಜನಕದ ಕೊರತೆ. ಅಂಚು ಮಾತ್ರ ಹಳದಿಯಾಗಿ ಆಮೇಲೆ ಸುಟ್ಟಂತೆ ಕಂದಾಗಿದ್ದರೆ ಪೊಟ್ಯಾಷ್ ಕಡಿಮೆ. ಕೆಳಗಿನ ಎಲೆ ಬಿಟ್ಟು ಸುಳಿಯ ಹೊಸ ಎಲೆಯಲ್ಲೇ ಬಿಳಿ ಪಟ್ಟೆ ಬಂದಿದ್ದರೆ ಸತುವಿನ ಕೊರತೆ. ಮಳೆ ಜಾಸ್ತಿಯಾಗಿ ಎರೆಮಣ್ಣಿನಲ್ಲಿ ನೀರು ನಿಂತರೆ ಹಾಕಿದ ಯೂರಿಯಾ ಅರ್ಧ ಕೈಬಿಟ್ಟು ಹೋಗುತ್ತದೆ. ಅಣ್ಣ ಗೊಬ್ಬರ ಹಾಕಿಲ್ಲ ಎಂದು ಜಗಳ ತೆಗೆಯಬೇಡ, ಮೊದಲು ನೀರು ನಿಂತಿತ್ತಾ ಎಂದು ಕೇಳು. ಸೂಲಂಗಿ ಇನ್ನೂ ಹೊರಬಿದ್ದಿಲ್ಲದಿದ್ದರೆ ಮೇಲುಗೊಬ್ಬರ ಕೊಡುವುದರಲ್ಲಿ ಅರ್ಥವಿದೆ. ಸೂಲಂಗಿ ಬಂದು ಕೂದಲೂ ಒಣಗತೊಡಗಿದ್ದರೆ ಯೂರಿಯಾ ಸುರಿದು ದುಡ್ಡು ಕಳೆಯಬೇಡಿ. ಒಂದು ಸಮಾಧಾನದ ಮಾತು ಏನೆಂದರೆ, ತೀರಾ ಕೆಳಗಿನ ಎರಡು ಮೂರು ಎಲೆ ಈ ಹೊತ್ತಿಗೆ ಒಣಗುವುದು ಸಹಜ. ಕಾಳಿಗೆ ಊಟ ಹಾಕುವುದು ತೆನೆಯ ಬುಡದ ಎಲೆ ಮತ್ತು ಅದರ ಮೇಲಿನವು. ಹಳದಿ ಅಲ್ಲಿಯವರೆಗೆ ಏರಿದ್ದರೆ ಮಾತ್ರ ಚಿಂತೆ.

ಎಲೆಯ ಮೇಲೆ ಉದ್ದುದ್ದ, ನಡುವೆ ಅಗಲ ಎರಡು ತುದಿ ಚೂಪು, ಬೂದು ಬಣ್ಣದ ಮಚ್ಚೆ ಕಂಡರೆ ಎಲೆ ಅಂಗಮಾರಿ. ಮೋಡ ಕವಿದ ತಂಪು ಹವೆಯಲ್ಲಿ ಕೆಳಗಿನಿಂದ ಮೇಲೆ ಹತ್ತುತ್ತದೆ. ತೆನೆಯ ಎಲೆ ಮುಟ್ಟುವ ಮೊದಲು ಲೀಟರಿಗೆ ಎರಡೂವರೆ ಗ್ರಾಂ ಮ್ಯಾಂಕೋಜೆಬ್ ಹೊಡೆದರೆ ತಡೆಯಬಹುದು, ಆಮೇಲೆ ಹೊಡೆದು ಪ್ರಯೋಜನ ಕಡಿಮೆ.

ಇನ್ನು ನನಗೆ ಬಹಳ ಇಷ್ಟದ ಪರೀಕ್ಷೆ. ಕೂದಲು ಹೊರಬಂದು ನಾಲ್ಕೈದು ದಿನವಾದ ಒಂದು ತೆನೆ ಕಿತ್ತುಕೋ. ಚಾಕುವಿನಿಂದ ಸಿಪ್ಪೆಯನ್ನು ಬುಡದಿಂದ ತುದಿಗೆ ಸೀಳಿ, ಕೂದಲು ಕೀಳದಂತೆ ಹುಷಾರಾಗಿ ಬಿಚ್ಚು. ತೆನೆಯನ್ನು ತಲೆಕೆಳಗೆ ಹಿಡಿದು ಮೆಲ್ಲ ಅಲ್ಲಾಡಿಸು. ಪರಾಗ ತಾಗಿ ಕಾಳು ಕಟ್ಟಿದ ಕಡೆ ಎಳೆ ತಾನಾಗಿ ಉದುರುತ್ತದೆ. ತಾಗದ ಕಡೆ ಅಂಟಿಕೊಂಡೇ ಇರುತ್ತದೆ. ಐದು ಕಡೆ ಎರಡೆರಡು ತೆನೆ ಸಾಕು, ಪೂರ್ತಿ ಹೊಲದ ಸುದ್ದಿ ಗೊತ್ತಾಗುತ್ತದೆ. ತುದಿಯಲ್ಲಿ ಸ್ವಲ್ಪ ಎಳೆ ಉಳಿದರೆ ಗಾಬರಿಯಾಗಬೇಡ, ತುದಿಯ ಕೂದಲು ಕೊನೆಗೆ ಬರುವುದು.

ಇಳುವರಿ ಅಂದಾಜಿಗೆ ಅಮೆರಿಕದ ರೈತರು ಒಂದು ಲೆಕ್ಕ ಹಾಕುತ್ತಾರೆ. ಎಕರೆಯ ಸಾವಿರದಲ್ಲಿ ಒಂದು ಪಾಲು ಜಾಗ ಅಳೆದು ಅಲ್ಲಿನ ತೆನೆ ಎಣಿಸುವುದು. ನಮ್ಮ ಉಡುಪಿ ಮಂಗಳೂರಿನ ಸೆಂಟ್ಸ್ ಲೆಕ್ಕದಲ್ಲಿ ಅದು ಒಂದು ಸೆಂಟ್ಸಿನ ಹತ್ತನೇ ಒಂದು ಭಾಗ. ಅವರದು 30 ಇಂಚಿನ ಸಾಲು, ಹಾಗಾಗಿ 17 ಅಡಿ 5 ಇಂಚು ಅಳೆಯುತ್ತಾರೆ. ನಿಮ್ಮದು 60 ಸೆಂಟಿಮೀಟರ್ ಸಾಲಾದರೆ 22 ಅಡಿ ಅಳೆಯಬೇಕು. ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಹಾಕಿದ್ದರೆ ಅಷ್ಟರಲ್ಲಿ 33 ಗಿಡ ಇರಬೇಕು. 26 ತೆನೆ ಮಾತ್ರ ಸಿಕ್ಕಿತು ಎನ್ನೋಣ. ಎಕರೆಗೆ 26,000 ತೆನೆ ಎಂದಾಯಿತು. ಒಂದು ತೆನೆಯಲ್ಲಿ 14 ಸಾಲು, ಸಾಲಿಗೆ 30 ಕಾಳು ಇದ್ದರೆ 420 ಕಾಳು. ಗುಣಿಸಿದರೆ ಒಂದು ಕೋಟಿ ಒಂಬತ್ತು ಲಕ್ಷದ ಮೇಲೆ. ಕಿಲೋಗೆ ಸುಮಾರು 4,000 ಕಾಳು ಹಿಡಿದರೆ ಎಕರೆಗೆ 27 ಕ್ವಿಂಟಾಲ್. ಸಾಲು ಎಣಿಸುವಾಗ ಬೆಸ ಸಂಖ್ಯೆ ಬಂದರೆ ಮತ್ತೆ ಎಣಿಸು, ಜೋಳದ ತೆನೆಯಲ್ಲಿ ಸಾಲು ಜೋಡಿ ಜೋಡಿಯಾಗಿಯೇ ಇರುತ್ತದೆ. ತುದಿಯ ಸಣ್ಣ ಕಾಳು, ಬುಡದ ವಕ್ರ ಕಾಳು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಪಂಚಮಿಗೆ ಹೋದಾಗ ಕಾಳು ಇನ್ನೂ ಗುಳ್ಳೆಯಷ್ಟೇ ಇದ್ದರೆ ತೆನೆ ಮಾತ್ರ ಎಣಿಸಿ ಬಾ, ಕಾಳಿನ ಎಣಿಕೆಯನ್ನು ಹಾಲು ತುಂಬಿದ ಮೇಲೆ ಅಣ್ಣ ಮಾಡಲಿ.

33 ಇರಬೇಕಾದ ಕಡೆ 26 ಸಿಕ್ಕಿದರೆ ಆ ಏಳು ಎಲ್ಲಿ ಹೋಯಿತು? ಮೊಳೆಯಲಿಲ್ಲವಾ, ಹುಳು ತಿಂತಾ, ನೀರು ನಿಂತು ಕೊಳೆಯಿತಾ? ಇದನ್ನು ಅಣ್ಣನ ಜೊತೆ ಕೂತು ಮಾತಾಡು. ಮುಂದಿನ ವರ್ಷದ ಬಿತ್ತನೆಗೆ ಅದಕ್ಕಿಂತ ಬೆಲೆಯ ಮಾತು ಬೇರೆ ಇಲ್ಲ.

ಪ್ರಶ್ನೆ: ನಾಲ್ಕು ಹಸು ಸಾಕಿದ್ದೇನೆ. ಬೆಟ್ಟು ಗದ್ದೆಯಲ್ಲಿ ಹತ್ತು ಸೆಂಟ್ಸ್ ಮೇವಿನ ಜೋಳ ಹಾಕಿದ್ದೇನೆ, ಆಫ್ರಿಕನ್ ಟಾಲ್. ಒಂದು ತಿಂಗಳಾಯಿತು. ಎಲೆಯಲ್ಲಿ ಸಾಲಾಗಿ ತೂತು, ಸುಳಿಯೊಳಗೆ ಮರದ ಹುಡಿಯಂತೆ ಏನೋ ತುಂಬಿದೆ. ಔಷಧಿ ಹೊಡೆಯಬಹುದಾ? ಜೋಳದ ಎಳೆ ಗಿಡ ಹಸುವಿಗೆ ವಿಷ ಎಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ.
— ಓದುಗರು, ಹೆಬ್ರಿ

ಉತ್ತರ: ಅಕ್ಕಾ, ಆ ಹುಡಿ ಹುಳುವಿನ ಹಿಕ್ಕೆ. ಇದು ಫಾಲ್ ಸೈನಿಕ ಹುಳು, ಘಟ್ಟದ ಮೇಲೆ ಲದ್ದಿ ಹುಳು ಎನ್ನುತ್ತಾರೆ. ಇದರ ಮೂಲ ಅಮೆರಿಕ ಖಂಡ. ನಮ್ಮ ದೇಶದಲ್ಲಿ ಮೊದಲು ಸಿಕ್ಕಿದ್ದು 2018ರ ಮೇ ತಿಂಗಳಲ್ಲಿ, ಅದೂ ನಿಮ್ಮಿಂದ ಆಗುಂಬೆ ಹತ್ತಿದರೆ ಸಿಗುವ ಶಿವಮೊಗ್ಗ ಜಿಲ್ಲೆಯಲ್ಲಿ. ಸುಳಿ ಬಿಡಿಸಿ ಹುಳು ಹಿಡಿದು ನೋಡಿ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ (Y) ಅಕ್ಷರದ ಹಾಗೆ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕಿ ಇದ್ದರೆ ಅದೇ.

ಮೇವಿಗೆ ಹಾಕಿದ ಬೆಳೆಗೆ ರಾಸಾಯನಿಕ ಹೊಡೆಯಬೇಡಿ ಎಂದೇ ನನ್ನ ಸಲಹೆ. ನೀವು ಕೊಯ್ದು ಹಾಕುವುದು ಇಡೀ ಗಿಡವನ್ನು, ಅದು ಹಾಲಿಗೆ ಬರುತ್ತದೆ, ಹಾಲು ಮನೆಯ ಮಕ್ಕಳಿಗೆ ಹೋಗುತ್ತದೆ. ಹತ್ತು ಸೆಂಟ್ಸ್ ತಾನೇ? ಮಳೆ ಬಿಟ್ಟ ಬೆಳಿಗ್ಗೆ ಇಬ್ಬರು ಇಳಿದರೆ ಎರಡು ಗಂಟೆಯ ಕೆಲಸ. ಎಲೆಯ ಮೇಲೆ ಬೂದು ಹತ್ತಿಯಂತೆ ಮೊಟ್ಟೆಯ ಗುಂಪು ಕಂಡರೆ ಹಿಚುಕಿಬಿಡಿ, ಒಂದು ಗುಂಪಿನಲ್ಲಿ ನೂರಿನ್ನೂರು ಮೊಟ್ಟೆ ಇರುತ್ತದೆ. ಸುಳಿಯೊಳಗಿನ ದೊಡ್ಡ ಹುಳುವನ್ನು ಆರಿಸಿ ಸೋಪಿನ ನೀರಿಗೆ ಹಾಕಿ. ಉಳಿದದ್ದಕ್ಕೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸುಳಿಗೆ ಬೀಳುವ ಹಾಗೆ ಹೊಡೆಯಿರಿ. ನಮ್ಮ ಜಡಿಮಳೆಯೂ ನಿಮ್ಮ ಜೊತೆಗಿದೆ. ಸುಳಿಯಲ್ಲಿ ನೀರು ತುಂಬಿದರೆ ಮರಿಹುಳು ಬದುಕುವುದಿಲ್ಲ. ದೊಡ್ಡದು ಬದುಕುತ್ತದೆ, ಜಾಸ್ತಿ ತಿನ್ನುವುದೂ ಅದೇ.

ಕಾಳಿಗಾಗಿ ಎಕರೆಗಟ್ಟಲೆ ಬೆಳೆಯುವವರ ಲೆಕ್ಕ ಬೇರೆ. ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಿ, ಎಳೆ ಬೆಳೆಯಲ್ಲಿ ನೂರಕ್ಕೆ 5, ಬೆಳೆದ ಮೇಲೆ ನೂರಕ್ಕೆ 20 ಗಿಡಕ್ಕೆ ಹುಳು ಇದ್ದರೆ ಅವರು ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂ ಹಾಕಿ ಸುಳಿಗೆ ಹೊಡೆಯುತ್ತಾರೆ. ಅದು ನಿಮಗೆ ಬೇಡ.

ವಿಷದ ಮಾತಿಗೆ ಬರೋಣ. ಪಕ್ಕದ ಮನೆಯವರು ಹೇಳಿದ್ದು ಬಿಳಿ ಜೋಳದ ವಿಷಯ, ರೊಟ್ಟಿ ಮಾಡುತ್ತಾರಲ್ಲ ಅದು. ಅದರ ಎಳೆ ಗಿಡ, ಬಾಡಿದ ಗಿಡ ತಿಂದು ಹಸು ಸತ್ತದ್ದುಂಟು, ಅದು ನಿಜ. ಮೆಕ್ಕೆಜೋಳಕ್ಕೆ ಆ ದೋಷವಿಲ್ಲ. ಹೆಸರಲ್ಲಿ ಎರಡೂ ಜೋಳವಾದ್ದರಿಂದ ಈ ಗಲಿಬಿಲಿ. ಹೂ ಬರುವ ಹೊತ್ತಿಗೆ, ಸುಮಾರು 60 ರಿಂದ 70 ದಿನಕ್ಕೆ ಕೊಯ್ದು ಹಾಕಿ. ಹುಳು ಜಾಸ್ತಿಯಾದರೆ ಕಾಯಬೇಡಿ, ಬೇಗ ಕೊಯ್ಯಿರಿ. ನೀರು ನಿಲ್ಲದ ಹಾಗೆ ನಡುವೆ ಒಂದು ಸಣ್ಣ ಕಣಿ ತೆಗೆಯಿರಿ, ಎರಡು ದಿನ ಬುಡದಲ್ಲಿ ನೀರು ನಿಂತರೆ ಎಳೆ ಜೋಳ ಹಳದಿಯಾಗಿ ಕೂತುಬಿಡುತ್ತದೆ.

ಪ್ರಶ್ನೆ: ನಮ್ಮ ಮಾವನವರ ಹೊಲ ಬೈಲಹೊಂಗಲದ ಹತ್ತಿರ. ಸೋಯಾಬೀನ್ ಹೂವಿನಲ್ಲಿದೆ. ಎಲೆ ತೂತಾಗಿದೆ, ಹೂವೂ ಉದುರುತ್ತಿದೆಯಂತೆ. ಅಂಗಡಿಯಲ್ಲಿ ಮೂರು ಔಷಧಿ ಬೆರೆಸಿ ಹೊಡೆಯಲು ಹೇಳಿದ್ದಾರೆ. ಸರಿಯಾ?
— ಕಾಲೇಜು ಶಿಕ್ಷಕಿ, ಮಂಗಳೂರು

ಉತ್ತರ: ಮೂರು ಬೆರೆಸುವುದು ಬೇಡ. ಯಾವ ಕಾಯಿಲೆ ಎಂದು ಗೊತ್ತಿಲ್ಲದವರು ಮೂರು ಔಷಧಿ ಕೊಡುತ್ತಾರೆ.

ಮೊದಲು ಹೂವು. ಸೋಯಾಬೀನ್ ಬಿಟ್ಟ ಹೂವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉದುರುವುದು ಅದರ ಸ್ವಭಾವ. ಎಲ್ಲ ಹೂವೂ ಕಾಯಾದರೆ ಗಿಡಕ್ಕೆ ಹೊರಲು ಆಗುವುದಿಲ್ಲ. ಹೂವಿಗೆ ಔಷಧಿ ಇಲ್ಲ, ಮಣ್ಣಲ್ಲಿ ತೇವ ಇದ್ದರೆ ಸಾಕು.

ಎಲೆಯ ತೂತು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಮೇಲಿನ ಎಲೆ ಮಾತ್ರ ನೋಡಿದರೆ ಎಲ್ಲ ಹೋಯಿತು ಎನಿಸುತ್ತದೆ. ಗಿಡದ ಮೇಲೆ, ನಡು, ಕೆಳಗೆ ಮೂರೂ ಕಡೆಯ ಎಲೆ ಕಿತ್ತು ಪಕ್ಕ ಪಕ್ಕ ಇಟ್ಟು ನೋಡಲು ಮಾವನವರಿಗೆ ಹೇಳಿ. ಹೂವಿಗೆ ಮೊದಲು ನೂರಕ್ಕೆ 30 ಪಾಲು, ಹೂವಾದ ಮೇಲೆ ನೂರಕ್ಕೆ 20 ಪಾಲು ಎಲೆ ಹೋಗುವವರೆಗೆ ಗಿಡ ತಡೆದುಕೊಳ್ಳುತ್ತದೆ ಎನ್ನುವುದು ಅಮೆರಿಕದ ಸೋಯಾಬೀನ್ ನಾಡಿನಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದ ಅಳತೆ. ಆಮೇಲೆ ಎರಡು ಸಾಲಿನ ನಡುವೆ ಬಿಳಿ ಪಂಚೆ ಹಾಸಿ, ಎರಡೂ ಕಡೆಯ ಗಿಡ ಬಗ್ಗಿಸಿ ಅಲ್ಲಾಡಿಸಿ. ಬಿದ್ದ ಹುಳು ಎಣಿಸಿ. ತೂತು ಇದೆ, ಹುಳು ಇಲ್ಲ ಎಂದರೆ ತಿಂದವರು ತಿಂದು ಹೋಗಿ ಆಯಿತು. ಈಗ ಹೊಡೆದರೆ ಯಾರಿಗೆ ಹೊಡೆದ ಹಾಗೆ?

ಇನ್ನೆರಡು ಕಡೆ ಕಣ್ಣಿಡಲಿ. ಗಿಡದ ತುದಿ ಬಾಡಿ ಬಗ್ಗಿದ್ದರೆ ಕಾಂಡದ ಮೇಲೆ ಒಂದರ ಕೆಳಗೆ ಒಂದು ಎರಡು ಉಂಗುರ ಕೊರೆದಿದೆಯಾ ನೋಡಬೇಕು. ಅದು ಕಾಂಡ ಕೊರೆಯುವ ದುಂಬಿ, ಉಂಗುರದ ಕೆಳಗೆ ಕತ್ತರಿಸಿ ಸುಟ್ಟುಬಿಡಬೇಕು. ಎರಡನೆಯದು ತುಕ್ಕು ರೋಗ. ಬೆಳಗಾವಿ ಧಾರವಾಡ ಕಡೆ ಇದು ಹಳೆಯ ಶತ್ರು. ಎಲೆಯ ಕೆಳಬದಿಯಲ್ಲಿ ಸಣ್ಣ ಕಂದು ಗುಳ್ಳೆ, ಬೆರಳಿನಿಂದ ಉಜ್ಜಿದರೆ ಪುಡಿ ಹತ್ತುತ್ತದೆ. ಕಂಡ ಕೂಡಲೇ ಹೆಕ್ಸಾಕೊನಜೋಲ್ ಲೀಟರಿಗೆ 1 ಮಿಲಿ. ಇದರಲ್ಲಿ ತಡ ಮಾಡಬಾರದು, ಹದಿನೈದು ದಿನದಲ್ಲಿ ಎಲೆ ಪೂರ್ತಿ ಉದುರಿಸಬಲ್ಲದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಡಿಎಸ್‌ಬಿ 21 ತಳಿ ಈ ರೋಗ ತಡೆಯುತ್ತದೆ, ಮುಂದಿನ ವರ್ಷಕ್ಕೆ ಯೋಚಿಸಿ.

ಒಂದು ಗಿಡವನ್ನು ಬೇರು ಸಮೇತ ಅಗೆದು ಬೇರಿನ ಮೇಲಿನ ಗಂಟು ಒಡೆದೂ ನೋಡಲಿ. ಒಳಗೆ ಕೆಂಪಗಿದ್ದರೆ ಗಾಳಿಯಿಂದ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ ಎಂದರ್ಥ, ಯೂರಿಯಾದ ಖರ್ಚು ಉಳಿಯಿತು.

ಪ್ರಶ್ನೆ: ಭತ್ತ ಕೊಯ್ದ ಮೇಲೆ ಉದ್ದಿನ ಬದಲು ಸೋಯಾಬೀನ್ ಹಾಕಿದರೆ ಹೇಗೆ?
— ಓದುಗರು, ಕುಂದಾಪುರ

ಉತ್ತರ: ಬೇಡ ಮಾರಾಯ್ರೆ. ಸೋಯಾಬೀನ್ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಚಳಿಗಾಲದ ಸಣ್ಣ ಹಗಲಿನಲ್ಲಿ ಗೇಣೆತ್ತರಕ್ಕೇ ಹೂ ಬಿಟ್ಟು ನಿಂತುಬಿಡುತ್ತದೆ. ಮಳೆಗಾಲದಲ್ಲಂತೂ ನಮ್ಮಲ್ಲಿ ಬೇರು ಕೊಳೆಯುತ್ತದೆ. ನಿಮ್ಮ ಅಜ್ಜ ಉದ್ದು, ಹೆಸರು, ಅಲಸಂಡೆ ಹಾಕಿದ್ದು ಸುಮ್ನೆ ಅಲ್ಲ, ಗದ್ದೆಯಲ್ಲಿ ಉಳಿದ ತೇವಕ್ಕೆ ಅವೇ ಸರಿ. ಹೊಸ ತಳಿ ಬೇಕಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಪ್ರಶ್ನೆ: ಕೋಳಿ ಸಾಕುತ್ತೇನೆ. ಅಮೆರಿಕದಲ್ಲಿ ಮಳೆ ಬಂದರೆ ಬೆಳ್ತಂಗಡಿಯಲ್ಲಿ ನನ್ನ ಕೋಳಿ ಆಹಾರದ ಚೀಲದ ರೇಟು ಇಳಿಯುತ್ತದಾ?
— ಓದುಗರು, ಬೆಳ್ತಂಗಡಿ

ಉತ್ತರ: ನೇರವಾಗಿ ಇಳಿಯುವುದಿಲ್ಲ. ಕೋಳಿ ಆಹಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳ, ಆಮೇಲೆ ಸೋಯಾ ಹಿಂಡಿ. ಎರಡೂ ಹೆಚ್ಚಾಗಿ ನಮ್ಮ ದೇಶದ್ದೇ. ಹಾಗಾಗಿ ನೀವು ನೋಡಬೇಕಾದ ಮಳೆ ಅಯೋವಾದ್ದಲ್ಲ, ದಾವಣಗೆರೆ ಹಾವೇರಿಯದ್ದು, ಸೋಯಾಕ್ಕೆ ಮಧ್ಯಪ್ರದೇಶ ಮಹಾರಾಷ್ಟ್ರದ್ದು. ಈಚೆಗೆ ಜೋಳದಿಂದ ಎಥೆನಾಲ್ ಮಾಡುವುದು ಜಾಸ್ತಿಯಾಗಿದೆ, ಕೋಳಿಯ ಪಾಲಿಗೆ ಪೆಟ್ರೋಲ್ ಟ್ಯಾಂಕ್ ಪೈಪೋಟಿಗೆ ನಿಂತಿದೆ. ಆದರೆ ಸೋಯಾ ತುಂಬಾ ತುಟ್ಟಿಯಾದಾಗ ಹೊರಗಿನ ಬಾಗಿಲು ತೆರೆದದ್ದೂ ಉಂಟು, 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಸೋಯಾ ಹಿಂಡಿ ತರಿಸಲು ಒಪ್ಪಿತ್ತು. ಅಡುಗೆಯ ಸೋಯಾ ಎಣ್ಣೆಯ ಕತೆ ಬೇರೆ, ಅದು ಬಹುಪಾಲು ಅರ್ಜೆಂಟೀನಾ, ಬ್ರೆಜಿಲ್‌ನಿಂದಲೇ ಬರುವುದು.

ಇನ್ನೊಂದು ಮಾತು. ಈ ಥಂಡಿಯಲ್ಲಿ ಜೋಳದ ನುಚ್ಚು ತಂದಿಟ್ಟಿದ್ದರೆ ಚೀಲಕ್ಕೆ ಕೈ ಹಾಕಿ ನೋಡಿ. ಬಿಸಿ ತಾಗಿದರೆ, ಮುಗ್ಗಲು ವಾಸನೆ ಬಂದರೆ ಕೋಳಿಗೂ ಬೇಡ, ಹಸುವಿಗೂ ಬೇಡ. ಆ ಬೂಷ್ಟಿನ ವಿಷ ಬಿಸಿಲಿಗೆ ಒಣಗಿಸಿದರೆ ಹೋಗುವುದಿಲ್ಲ.

ಪ್ರಶ್ನೆ: ಬರೀ ಜೋಳ, ಸೋಯಾಬೀನ್ ಅಂತ ಬರೆಯುತ್ತೀರಿ. ಎಂಒ 4 ತಳಿಯ ಭತ್ತ ನೆಟ್ಟು 35 ದಿನವಾಯಿತು. ಹುಣಿಯಿಂದ ನೋಡಿದರೆ ಅಲ್ಲಲ್ಲಿ ಎಲೆ ಬೆಳ್ಳಗಾಗಿದೆ. ನಮ್ಮ ಭತ್ತಕ್ಕೂ ಈ ಎಣಿಕೆ ಇದೆಯಾ?
— ಓದುಗರು, ಬಾರ್ಕೂರು

ಉತ್ತರ: ಇದೆ. ನಿಮ್ಮ ಪತ್ರಕ್ಕೆ ಉತ್ತರ ಬರೆಯಲೇಬೇಕು, ಯಾಕೆಂದರೆ ಇದೇ ತಪ್ಪು ನಾನೇ ಮಾಡಿದ್ದೇನೆ. ಕೆಲಸದಿಂದ ನಿವೃತ್ತನಾಗಿ ಮನೆಯ ಗದ್ದೆಗೆ ಬಂದ ಮೊದಲ ವರ್ಷ. ಹೀಗೇ ಹುಣಿಯ ಮೇಲೆ ನಿಂತು ನೋಡಿದೆ, ಎಲೆ ಬಿಳಿ ಕಂಡಿತು. ಕಾಲು ನೋವಿತ್ತು, ಕೆಸರಿಗೆ ಇಳಿಯಲಿಲ್ಲ. ಅಂಗಡಿಯಲ್ಲಿ ಕೊಟ್ಟ ಔಷಧಿ ತಂದು ಹೊಡೆಸಿದೆ. ಎಲೆ ಸುರುಳಿ ಹುಳು ಹೋಯಿತು, ಜೊತೆಗೆ ಜೇಡವೂ ಹೋಯಿತು. ಮೂರು ವಾರದಲ್ಲಿ ಕಂದು ಜಿಗಿಹುಳು ಎದ್ದು ಗದ್ದೆಯ ನಡುವೆ ವೃತ್ತ ವೃತ್ತವಾಗಿ ಸುಟ್ಟು ಹಾಕಿತು. ಅದನ್ನು ತಿನ್ನುವವರನ್ನು ನಾನೇ ಕೊಂದಿದ್ದೆ. ಆ ವರ್ಷ ಅರ್ಧ ಮುಡಿಯೂ ಆ ಗದ್ದೆಯಿಂದ ಬರಲಿಲ್ಲ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ನೀವು ಇಳಿಯಿರಿ. ಒಂದು ಕಡೆಯಿಂದ ಓರೆಯಾಗಿ ನಡೆದು ಇಪ್ಪತ್ತು ತೆಂಡೆ (ಒಂದೇ ಕಡೆ ನೆಟ್ಟ ಪೈರಿನ ಗುಂಪು) ನೋಡಿ. ಎಲೆ ಉದ್ದಕ್ಕೆ ಮಡಚಿಕೊಂಡು ಒಳಗೆ ಹಸಿರು ಹುಳು ಇದ್ದರೆ ಎಲೆ ಸುರುಳಿ ಹುಳು. ತೆಂಡೆಗೆ ಅಂತಹ ಎರಡು ಎಲೆಗಿಂತ ಕಡಿಮೆ ಇದ್ದರೆ ಏನೂ ಮಾಡಬೇಡಿ. 35 ದಿನದ ಪೈರು ಇನ್ನೂ ಹೊಸ ಕವಲು ಒಡೆಯುತ್ತಿರುತ್ತದೆ, ಹೊಸ ಎಲೆ ಹಾಕಿಕೊಳ್ಳುತ್ತದೆ. ಹೊಡೆ ಬರುವ ಹೊತ್ತಿಗೆ ಮಾತ್ರ ಮೇಲಿನ ಎಲೆ ಉಳಿಸಲೇಬೇಕು. ಎಲೆ ಕತ್ತರಿಸಿ ಸಣ್ಣ ಕೊಳವೆ ಮಾಡಿಕೊಂಡು ನೀರಿನಲ್ಲಿ ತೇಲುತ್ತಿದ್ದರೆ ಅದು ಕೊಳವೆ ಹುಳು. ಸೀಮೆಎಣ್ಣೆಯಲ್ಲಿ ನೆನೆಸಿದ ಹಗ್ಗವನ್ನು ಇಬ್ಬರು ಎರಡು ಕಡೆ ಹಿಡಿದು ಪೈರಿನ ಮೇಲೆ ಎಳೆದುಕೊಂಡು ಹೋಗಿ ಕೊಳವೆ ನೀರಿಗೆ ಬೀಳಿಸಿ, ಆಮೇಲೆ ನೀರು ಬಿಟ್ಟು ಎರಡು ದಿನ ಗದ್ದೆ ಒಣಗಿಸಿದರೆ ಸಾಕು. ಮಳೆ ಒಂದು ದಿನ ಬಿಡುವ ಹಾಗೆ ಕಂಡಾಗ ಮಾಡಿ. ಸುಳಿ ಒಣಗಿ, ಎಳೆದರೆ ಕೈಗೆ ಬಂದರೆ ಕಾಂಡ ಕೊರೆಯುವ ಹುಳು, ಅದನ್ನು ನೂರಕ್ಕೆ ಎಷ್ಟು ಎಂದು ಎಣಿಸಿ. 5ರ ಒಳಗಿದ್ದರೆ ಬಿಡಿ. ಎಲೆಯ ಮೇಲೆ ಕಣ್ಣಿನಾಕಾರದ, ನಡುವೆ ಬೂದು ಬಣ್ಣದ ಮಚ್ಚೆ ಇದ್ದರೆ ಬೆಂಕಿ ರೋಗ, ಆಗ ಉಳಿದ ಯೂರಿಯಾ ಹಾಕುವುದನ್ನು ತಕ್ಷಣ ನಿಲ್ಲಿಸಿ ಎಲೆಯೊಂದನ್ನು ಕವರಿಗೆ ಹಾಕಿ ಬ್ರಹ್ಮಾವರಕ್ಕೆ ತೆಗೆದುಕೊಂಡು ಹೋಗಿ.

ಬುಡ ಬಗ್ಗಿಸಿ ನೀರಿನ ಮಟ್ಟದಲ್ಲೂ ನೋಡಿ. ಜಿಗಿಹುಳು ಅಲ್ಲೇ ಕೂರುವುದು, ಮೇಲಿನಿಂದ ಕಾಣುವುದೇ ಇಲ್ಲ. ಜೊತೆಯಲ್ಲಿ ಜೇಡ ಎಷ್ಟಿದೆ ಎಂದೂ ಬರೆದುಕೊಳ್ಳಿ. ಜಿಗಿಹುಳು ತೆಂಡೆಗೆ ಹತ್ತಕ್ಕೆ ಮುಟ್ಟಿಲ್ಲ, ಒಂದು ಜೇಡ ಇದೆ ಎಂದರೆ ಔಷಧಿಯ ಡಬ್ಬಿ ಮುಟ್ಟಬೇಡಿ. ಎಂಟನೇ ದಿನ ಮತ್ತೆ ಅದೇ ದಾರಿಯಲ್ಲಿ ನಡೆದು ಹಳೆ ಲೆಕ್ಕದ ಪಕ್ಕ ಹೊಸ ಲೆಕ್ಕ ಬರೆಯಿರಿ. ಎರಡನ್ನೂ ನನಗೆ ಕಳಿಸಿ, ಮುಂದಿನ ಸಂಚಿಕೆಗೆ ನಿಮ್ಮ ಗದ್ದೆಯಿಂದಲೇ ಶುರು ಮಾಡುತ್ತೇನೆ.